ಅತ್ತಿಗೆ-ನಾದಿನಿ ತೊಲೆ

ನಮ್ಮೂರಲ್ಲಿ ಪೆಟ್ಟು ಬೀಳುವುದಕ್ಕೆ ಮೊದಲೇ ಕಲೆ ಬೀಳುತ್ತದೆ. ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣದ ಕಲೆ. ನೋವಿಲ್ಲ, ತುರಿಕೆಯಿಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಮಲಗುವಾಗ ಇರುವುದಿಲ್ಲ, ಬೆಳಗ್ಗೆ ಎದ್ದು ಮುಖ ತೊಳೆಯುವಾಗ ನೋಡಿದರೆ ಮೊಣಕೈ ಮೇಲೋ ಪಾದದ ಮೇಲೋ ತಣ್ಣಗೆ ಕೂತಿರುತ್ತದೆ. ಅದು ಬರುವ ರಾತ್ರಿ ಒಂದು ಕನಸೂ ಬೀಳುತ್ತದೆ. ಒಂದು ಕಲೆಗೆ ಒಂದು ಕನಸು. ಕಲೆ ದಿನದಿನಕ್ಕೆ ಕಪ್ಪಾಗುತ್ತ ಬಂದರೆ ಹೊತ್ತು ಹತ್ತಿರವಾಯಿತು ಎಂದು ಲೆಕ್ಕ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೇರೆ ಊರಿಂದ ಬಂದ ಸೊಸೆಯರು ಮೊದಲ ವರ್ಷ ಕೇಳುತ್ತಾರೆ, ಆಮೇಲೆ ಅವರೂ ಎದ್ದ ಕೂಡಲೇ ಕೈಕಾಲು ತಿರುಗಿಸಿ ನೋಡಿಕೊಳ್ಳುವುದನ್ನು ಕಲಿಯುತ್ತಾರೆ. ನಾನೂ ಹಾಗೆ ಕಲಿತವಳೇ.

ಊರಿಗೆ ಇರುವುದು ಒಂದೇ ಉದ್ಯೋಗ, ಹೆಂಚು. ಹೊಳೆದಂಡೆಯ ಜೇಡಿಮಣ್ಣು ತಂದು, ಅರೆದು, ಪ್ರೆಸ್ಸಿನಲ್ಲಿ ಒತ್ತಿ, ಚಾಕುವಿನಲ್ಲಿ ಅಂಚು ಸವರಿ, ಅಟ್ಟದ ಮೇಲೆ ಒಣಗಿಸಿ, ಭಟ್ಟಿಯಲ್ಲಿ ಸುಡುವುದು. ಬೆಳಗಿನ ಹೊತ್ತು ಹೊಳೆಯ ಮಂಜೂ ಭಟ್ಟಿಯ ಹೊಗೆಯೂ ಬೆರೆತುಕೊಂಡು ಕಾರ್ಖಾನೆ ನೆಲ ಬಿಟ್ಟು ಸ್ವಲ್ಪ ಮೇಲೆ ನಿಂತ ಹಾಗೆ ಕಾಣುತ್ತದೆ. ಕೆಲಸಕ್ಕೆ ಹೋಗುವವರು ಒಬ್ಬೊಬ್ಬರಾಗಿ ಅದರೊಳಗೆ ಕರಗುತ್ತಾರೆ, ಸಂಜೆ ಕೆಂಪು ಧೂಳು ಹೊತ್ತುಕೊಂಡು ಮತ್ತೆ ಮೂಡುತ್ತಾರೆ. ಅಲ್ಲಿ ಹೆಂಗಸರ ಕಡೆ ಕಲೆ ನೋಡುವವಳು ನಾನು, ತುಂಗಮ್ಮ. ಸೈರನ್ ಆಗುವ ಮುಂಚೆ ಪರದೆ ಕಟ್ಟಿದ ಕೋಣೆಗೆ ಒಬ್ಬೊಬ್ಬರನ್ನೇ ಕರೆದು ಕೈ, ಕಾಲು, ಬೆನ್ನು ನೋಡಬೇಕು. ಪಟ್ಟೆಯ ಹಾಗಿದ್ದರೆ ಬೆಲ್ಟು, ಅರ್ಧಚಂದ್ರವಾದರೆ ಜಾರುವ ಹೆಂಚು, ಗುಳ್ಳೆಗುಳ್ಳೆಯಾದರೆ ಭಟ್ಟಿಯ ಬಾಯಿ. ಗುರುತು ಹಿಡಿದು, ಜಾಗ ಹುಡುಕಿ ಸರಿಮಾಡಿಸಿದರೆ ಕಲೆ ತಾನಾಗಿ ಮಾಯುತ್ತದೆ. ಮಾಯುವಾಗ ಮೈಯಿಂದ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ನನ್ನ ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ. ಸ್ವಲ್ಪವಲ್ಲ, ಚೆನ್ನಾಗಿಯೇ ಜೋರು. ಮೆತ್ತಗೆ ಹೇಳಿದರೆ ಯಾವ ಕಾರ್ಖಾನೆಯಲ್ಲಿ ಯಾವ ಬೆಲ್ಟಿಗೆ ತಡೆ ಬಿದ್ದಿದೆ?

ನಮ್ಮೂರಲ್ಲಿ ಸತ್ತವರ ಹೆಸರಿಗಿಂತ ಸಾಯದೆ ಉಳಿದವರ ಹೆಸರಿನ ಗುರುತುಗಳೇ ಹೆಚ್ಚು. ಯಾರ ಕಲೆಯಿಂದ ಏನು ರಿಪೇರಿಯಾಯಿತೋ ಅದಕ್ಕೆ ಅವರ ಹೆಸರು. ಮಣ್ಣು ಅರೆಯುವ ಯಂತ್ರದ ಸುತ್ತ ಇರುವುದು ಕೆಂಚಮ್ಮನ ಕಟಕಟೆ. ಕೆಂಚಮ್ಮ ಈಗಲೂ ಅದಕ್ಕೆ ಒರಗಿಕೊಂಡು ಎಲೆಅಡಿಕೆ ಹಾಕುತ್ತಾಳೆ. ಯಾರಾದರೂ ಜಾಗ ಬಿಡು ಎಂದರೆ, "ನನ್ ಕಟಕಟೆ, ನನ್ನಿಷ್ಟ" ಎನ್ನುತ್ತಾಳೆ. ನೋಡಲು ಚೆಂದವೇ. ಆದರೆ ಇದರಿಂದ ನಮಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತ್ತು. ಮೆಟ್ಟಿಲು ಅಲ್ಲಾಡುತ್ತಿದೆ ಎಂದರೆ, ಕಲೆ ಬರಲಿ ನೋಡೋಣ. ಹಗ್ಗ ಸವೆದಿದೆ ಎಂದರೆ, ಕಲೆ ಬರಲಿ ನೋಡೋಣ. ಎಲ್ಲರ ಕಣ್ಣೂ ಮೈಮೇಲೇ ಇತ್ತು, ಜಾಗದ ಮೇಲೆ ಇರಲಿಲ್ಲ.

ನನ್ನ ನಾದಿನಿ ಭಾಗೀರಥಿಯ ಮಾತು ಇಲ್ಲಿ ಹೇಳಬೇಕು. ನನ್ನ ಗಂಡನ ತಂಗಿ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯಲ್ಲೇ ಇದ್ದಾಳೆ. ಅತ್ತೆ ತೀರಿಹೋದಾಗ ಅವರ ತಾಮ್ರದ ಹಂಡೆ ಯಾರಿಗೆ ಎಂದು ನಮ್ಮಿಬ್ಬರಿಗೂ ಜಗಳವಾಯಿತು. ಅವಳು ಹಂಡೆ ಎತ್ತಿಕೊಂಡು ಹೋದಳು, ನಾನು ಮಾತು ಬಿಟ್ಟೆ. ಅಷ್ಟೇ. ಆಮೇಲೆ ನನ್ನ ಗಂಡನೂ ಹೋದರು, ಆಗಲೂ ನಾವಿಬ್ಬರೂ ಪಕ್ಕಪಕ್ಕ ಕೂತು ಅತ್ತೆವೇ ಹೊರತು ಮಾತಾಡಲಿಲ್ಲ. ನನ್ನ ಮಗಳು ಶಾರಿ ಮಾತ್ರ ಎರಡೂ ಮನೆಯ ಬೆಕ್ಕು. ಇಲ್ಲಿ ಉಂಡು ಅಲ್ಲಿ ಮಲಗುತ್ತಾಳೆ. ಸೋದರತ್ತೆಗೆ ಅವಳೆಂದರೆ ಜೀವ. ಭಾಗೀರಥಿಯೂ ಕಾರ್ಖಾನೆಯಲ್ಲೇ, ಹಸಿ ಹೆಂಚಿನ ಅಂಚು ಸವರುವ ಉದ್ದದ ಮೇಜಿನಲ್ಲಿ ಕೆಲಸ. ದಿನಾ ಬೆಳಗ್ಗೆ ಕಲೆ ತೋರಿಸಲು ನನ್ನ ಕೋಣೆಗೆ ಬರಲೇಬೇಕಲ್ಲ, ಬರುತ್ತಿದ್ದಳು. ಕೈ ಚಾಚುತ್ತಿದ್ದಳು, ನೋಡುತ್ತಿದ್ದೆ. ತಿರುಗುತ್ತಿದ್ದಳು, ನೋಡುತ್ತಿದ್ದೆ. ಇಬ್ಬರು ಮೂಗಿಯರ ನಾಟಕ. ಅಷ್ಟು ಸಾಲದು ಎಂದು, ನನ್ನ ಕೆಲಸ ಮುಗಿದ ಮೇಲೆ ನಾನು ಚಹಾ ಲೋಟ ಹಿಡಿದು ಅದೇ ಮೇಜಿನ ಹತ್ತಿರ, ಭಾಗೀರಥಿಗೂ ಕೆಂಚಮ್ಮನಿಗೂ ನಡುವೆ ಇದ್ದ ಖಾಲಿ ಜಾಗದಲ್ಲಿ ಹೋಗಿ ನಿಂತು, ಬೇಕೆಂದೇ ಕೆಂಚಮ್ಮನ ಜೊತೆ ಮಾತ್ರ ಮಾತಾಡುತ್ತಿದ್ದೆ.

ಆ ವರ್ಷ ಮಂಜು ಬಿಡಲೇ ಇಲ್ಲ. ಮಧ್ಯಾಹ್ನವಾದರೂ ಸೂರ್ಯ ಹಾಲಿನಲ್ಲಿ ಬಿದ್ದ ಬೆಲ್ಲದ ಚೂರಿನ ಹಾಗೆ ಮಸುಕಾಗಿ ಇರುತ್ತಿದ್ದ. ಹೆಂಚು ಒಣಗುತ್ತಿರಲಿಲ್ಲ. ಒತ್ತಿದ್ದು ಒತ್ತಿದ ಹಾಗೆ ಅಟ್ಟಕ್ಕೆ ಹೋಗುತ್ತಿತ್ತು, ಇಳಿದು ಬರುವುದು ಕಡಿಮೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು. ಆ ದಿನಗಳಲ್ಲೇ ಮೇಜಿನ ಕೆಲಸದವರಿಗೆ ಕಲೆ ಶುರುವಾಯಿತು. ಮೊದಲು ಜೈನಬಿಗೆ. ಜೈನಬಿ ನಮ್ಮಲ್ಲೆಲ್ಲ ಎತ್ತರದವಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಅವಳ ಬೆನ್ನಿಗೆ ಅಡ್ಡಲಾಗಿ ಅಗಲವಾದ ಪಟ್ಟೆ. ಬೆಲ್ಟೇ ಇರಬೇಕೆಂದು ತಡೆ ಹಾಕಿಸಿದೆವು. ಹೋಗಲಿಲ್ಲ. ಕೆಂಚಮ್ಮನಿಗೆ ಕಿವಿಯ ಹಿಂದಿನಿಂದ ಕೂದಲೊಳಗೆ ನುಗ್ಗಿದ ಕಲೆ. ಪ್ರೆಸ್ಸಿನ ಹಿಡಿ ತಾಗೀತೆಂದು ಅದನ್ನು ಆಚೆ ಸರಿಸಿದೆವು. ಅದೂ ಹೋಗಲಿಲ್ಲ. ಒಂದರ ಹಾಗೆ ಇನ್ನೊಂದು ಇರಲಿಲ್ಲವಾದ್ದರಿಂದ, ಒಂದೊಂದಕ್ಕೂ ಬೇರೆ ಬೇರೆ ಕಾರಣ ಹುಡುಕಿ ನನ್ನ ತಲೆ ಕೆಟ್ಟುಹೋಯಿತು.

ಕಾರ್ಖಾನೆಯ ಒಡೆಯರೂ ಮೇನೇಜರೂ ಒಬ್ಬರೇ, ಶ್ಯಾಮರಾಯರು. ಕೆಟ್ಟವರಲ್ಲ. ಯಾರಿಗಾದರೂ ಪೆಟ್ಟಾದರೆ ಅನ್ನ ಬಿಡುವ ಮನುಷ್ಯ. ಆದರೆ ಅವರದು ಯಾವಾಗಲೂ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಲೆಕ್ಕ. ಅವರೊಂದು ಕಾಯ್ದೆ ಮಾಡಿದರು. ಕಲೆ ಬಂದವರು ಮನೆಗೆ ಹೋಗಲಿ, ಆ ಜಾಗಕ್ಕೆ ಇನ್ನೊಬ್ಬರು ಬರಲಿ. ಮನೆಗೆ ಹೋದವಳ ಕಲೆ ಮಾಯುತ್ತಿತ್ತು, ನಿಜ. ಆದರೆ ಅವಳ ಜಾಗದಲ್ಲಿ ನಿಂತವಳ ಮೈಮೇಲೆ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅದೇ ಕಲೆ ಮೂಡುತ್ತಿತ್ತು, ಮೊದಲಿನದಕ್ಕಿಂತ ಒಂದು ಚೂರು ಕಪ್ಪಾಗಿ. ಅವಳು ಹೋದರೆ ಮುಂದಿನವಳು. ಮಕ್ಕಳು ಬಿಸಿ ಗೆಣಸು ಕೈಯಿಂದ ಕೈಗೆ ದಾಟಿಸುವ ಹಾಗೆ ನಮ್ಮ ಹೆಂಗಸರು ಕಲೆ ದಾಟಿಸುತ್ತಿದ್ದರು. ಅದಕ್ಕೊಂದು ಸರದಿಯೂ ಆಯಿತು, ಸರದಿ ಬಂದವಳಿಗೆ ಉಳಿದವರು ಕೋಡುಬಳೆ ಕೊಡುವ ಪದ್ಧತಿಯೂ ಆಯಿತು.

"ನೋಡಿ ತುಂಗಮ್ಮ, ಯಾರಿಗೂ ಏನೂ ಆಗ್ಲಿಲ್ಲ" ಎಂದರು ರಾಯರು ಖುಷಿಯಾಗಿ.

"ಆಗ್ಲಿಲ್ಲ ಅಂದ್ರೆ ಹೋಯ್ತು ಅಂತಲ್ಲ ರಾಯರೇ. ಅದು ಎಲ್ಲಿದೆಯೋ ಅಲ್ಲೇ ಕೂತಿದೆ. ನೀವು ಅದ್ರ ಮುಂದೆ ಜನ ಬದಲಾಯಿಸ್ತಾ ಇದೀರಿ, ಅಷ್ಟೇ" ಎಂದೆ.

"ಹಾಗಾದ್ರೆ ಅದು ಏನು ಅಂತ ಹುಡುಕಿ ಕೊಡಿ. ನಿಮ್ಮ ಕೆಲಸ ಅದೇ ಅಲ್ವಾ?"

ಮಾತು ಸರಿಯೇ. ಮತ್ತೆ ಹುಡುಕಲು ಹೊರಟೆ.

ಸರದಿ ಎಲ್ಲರನ್ನೂ ಸುತ್ತಿ ಮತ್ತೆ ಮೊದಲಿನವರಿಗೇ ಬಂತು. ಜೈನಬಿಗೆ, ಕೆಂಚಮ್ಮನಿಗೆ. ಈ ಸಲ ಭಾಗೀರಥಿಗೂ. ಅವತ್ತು ಅವಳ ತುರುಬು ಎತ್ತಿ ನೋಡುತ್ತೇನೆ, ಕುತ್ತಿಗೆಗೆ ಅಡ್ಡಲಾಗಿ ದಪ್ಪ ಗೆರೆ. ಅಂಚು ಆಗಲೇ ಕಪ್ಪಾಗಿತ್ತು, ನಡುವೆ ಮಾತ್ರ ಇನ್ನೂ ನೇರಳೆ. ಹಂಡೆಯ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ತುರುಬು ಸರಿಮಾಡಿಕೊಂಡು ಹೊರಟೇಬಿಟ್ಟಳು.

ಭಾಗೀರಥಿ ಮನೆಗೆ ಹೋಗಲಿ ಎಂದು ರಾಯರು ಹೇಳಿಕಳಿಸಿದರು. ಉಳಿದ ಹೆಂಗಸರೆಲ್ಲ ಎರಡೆರಡು ಸಲ ಕಲೆ ಹೊತ್ತಿದ್ದರು, ಹೆದರಿ ಮೇಜಿನ ಕಡೆ ಬರುತ್ತಲೇ ಇರಲಿಲ್ಲ. ಮಿಕ್ಕವಳು ಪ್ರೆಸ್ಸಿನ ಹತ್ತಿರ ಇರುವ ಶಾರಿ ಒಬ್ಬಳೇ. ಅವಳನ್ನೇ ನಿಲ್ಲಿಸಿ ಎಂದರು. ಭಾಗೀರಥಿ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನು ಹೋಗಲ್ಲ."

"ಅತ್ತೆ, ಕಪ್ಪಾಗ್ತಾ ಇದೆ, ಮನೆಗೆ ಹೋಗು" ಎಂದು ಶಾರಿ ಅಳುತ್ತ ಅವಳ ತೋಳು ಎಳೆದಳು.

"ನಾನು ಹೋದ್ರೆ ನಿನಗೆ ಬರುತ್ತೆ. ಎಳೀಬೇಡ, ಹೆಂಚು ಒಡೀತದೆ. ಹೋಗಿ ನಿನ್ ಕೆಲಸ ನೋಡು."

ಇದನ್ನೆಲ್ಲ ನಾನು ಬಾಗಿಲಲ್ಲಿ ನಿಂತು ಕೇಳಿದೆ. ಅವಳು ಹೋದರೆ ನನ್ನ ಮಗಳು, ಇದ್ದರೆ ಅವಳು. ತಾಯಿ ಅಂತ ಯೋಚಿಸಿದರೆ ಅವಳೇ ಇರಲಿ ಎನ್ನಿಸುತ್ತದೆ. ಎನ್ನಿಸಿದ ಮರುಕ್ಷಣ ನನ್ನ ಮೇಲೇ ನನಗೆ ಅಸಹ್ಯ. ದೇವರೇ, ಇಂಥ ಲೆಕ್ಕ ಯಾವ ಹೆಂಗಸಿಗೂ ಬರಬಾರದು. ಕಾರ್ಖಾನೆಯೆಲ್ಲ ಹುಚ್ಚಿಯ ಹಾಗೆ ಸುತ್ತಿದೆ. ತಿರುಗುವುದು, ಸುತ್ತುವುದು, ಬಡಿಯುವುದು, ಸುಡುವುದು ಎಲ್ಲವನ್ನೂ ಮುಟ್ಟಿ ನೋಡಿದೆ. ಸದ್ದು ಮಾಡುವುದೊಂದನ್ನೂ ಬಿಡಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು.

ಮರುದಿನ ಬೆಳಗ್ಗೆ ಜೈನಬಿಯ ಕಲೆ ನೋಡುತ್ತಿದ್ದೆ. ಅವಳು ಬೆನ್ನು ತಿರುಗಿಸಿ ನಿಂತು ನಿಧಾನವಾಗಿ ಹೇಳಿದಳು. "ತುಂಗಕ್ಕಾ, ಮತ್ತೆ ಅದೇ ಕನಸು. ನಾನು ಹೊಳೆ ತಳದಲ್ಲಿ ಮಲಗಿದೀನಿ. ನೀರು ಬೆಚ್ಚಗಿದೆ, ಉಸಿರಾಟಕ್ಕೂ ಏನೂ ತೊಂದ್ರೆ ಇಲ್ಲ. ಮೇಲೆ ಒಂದು ದೋಣಿ ಹೋಗ್ತಾ ಇದೆ. ದೋಣಿ ಕಾಣಲ್ಲ, ಅದರ ನೆರಳು ಮಾತ್ರ ನನ್ ಮೇಲೆ ಹಾದು ಹೋಗ್ತದೆ. ಹೋಗ್ತಾನೇ ಇರ್ತದೆ, ಮುಗಿಯೋದೇ ಇಲ್ಲ."

"ನಿನಗೆ ದೋಣೀನಾ?" ಎಂದು ಪರದೆಯಾಚೆಯಿಂದ ಕೆಂಚಮ್ಮ ಕೂಗಿದಳು. "ನಂಗೂ ಅದೇ ಕಣೇ, ಉದ್ದದ ದೋಣಿ!"

ನನ್ನ ಕೈ ಅಲ್ಲೇ ನಿಂತಿತು. ಶಾರಿ ನನಗೆ ಹೇಳಿದ್ದಳು, ಅತ್ತೆಗೆ ದೋಣಿಯ ನೆರಳಿನ ಕನಸು ಬಿತ್ತಂತೆ ಎಂದು. ಒಂದು ಕಲೆಗೆ ಒಂದು ಕನಸು. ಮೂವರಿಗೂ ಒಂದೇ ಕನಸಾದರೆ? ಅಷ್ಟೇ ಅಲ್ಲ, ಅಂಥದೊಂದು ನೆರಳು ನನ್ನ ನಿದ್ದೆಯಲ್ಲೂ ಹಾದುಹೋಗಿತ್ತು. ಹಲಸಿನ ಹುಳಿ ಜಾಸ್ತಿ ತಿಂದದ್ದರ ಫಲ ಎಂದುಕೊಂಡು ಸುಮ್ಮನಿದ್ದೆ.

ಗಂಡಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದೆ. "ಮೂರೂ ಜನ ಮೇಜಿನ ಹತ್ರ ನಿಂತ್ಕೊಳ್ಳಿ. ದಿನಾ ಹೆಂಗೆ ನಿಲ್ತೀರೋ ಹಂಗೆ. ಬೆನ್ನು ಕಾಣಬೇಕು, ಸೆರಗು ತೆಗೀರಿ, ರವಿಕೆ ಸಡಿಲ ಮಾಡ್ಕೊಳ್ಳಿ. ನಾಚಿಕೆ ಆಮೇಲೆ ಪಡಿ" ಎಂದೆ. ನಿಂತರು. ನಾನು ಗೋಡೆಯವರೆಗೂ ಹಿಂದೆ ಹೋಗಿ ನೋಡಿದೆ. ಇಷ್ಟು ವರ್ಷ ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆದು ನೋಡಿದವಳು ನಾನು. ಎಲ್ಲರನ್ನೂ ಒಟ್ಟಿಗೆ, ಅವರವರ ಜಾಗದಲ್ಲಿ ನಿಲ್ಲಿಸಿ ಯಾವತ್ತೂ ನೋಡಿರಲಿಲ್ಲ. ಉದ್ದದ ಜೈನಬಿಗೆ ಬೆನ್ನ ಮೇಲೆ, ಗೂನುಬೆನ್ನಿನ ಕೆಂಚಮ್ಮನಿಗೆ ಕಿವಿಯ ಹಿಂದೆ, ಗಿಡ್ಡ ಭಾಗೀರಥಿಗೆ ಕುತ್ತಿಗೆಗೆ. ಬೇರೆ ಬೇರೆ ಕಲೆಯಲ್ಲ. ಒಂದೇ ಗೆರೆ. ನೂಲು ಹಿಡಿದು ಎಳೆದ ಹಾಗೆ ನೆಟ್ಟಗೆ, ಒಬ್ಬಳ ಮೈಯಿಂದ ಇನ್ನೊಬ್ಬಳ ಮೈಗೆ ಹರಿದಿತ್ತು. ತೊಡೆಯಷ್ಟು ದಪ್ಪ. ಕೆಂಚಮ್ಮ ಮತ್ತು ಭಾಗೀರಥಿಯ ನಡುವೆ ಮಾತ್ರ ತುಂಡಾಗಿತ್ತು.

"ಇಲ್ಲಿ ಯಾರೋ ಇರಬೇಕಲ್ಲ, ಈ ನಡುವೆ" ಎಂದೆ ನನ್ನಷ್ಟಕ್ಕೆ.

ಭಾಗೀರಥಿ ತಿರುಗಲಿಲ್ಲ. ಗೋಡೆಗೆ ಹೇಳುವವಳ ಹಾಗೆ ಹೇಳಿದಳು. "ಅತ್ತಿಗೆ, ಅಲ್ಲಿ ನಿಲ್ಲೋರು ನೀವೇ ಅಲ್ವಾ?"

ಎಷ್ಟು ವರ್ಷದ ಮೇಲೆ ಕೇಳಿದ ದನಿ! ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳೇ ಬಂದು, ಮಂಜಿಗೆಂದು ನಾನು ಕುತ್ತಿಗೆಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಅವಳ ಕೈಗೆ ಹಸಿ ಮಣ್ಣು ಮೆತ್ತಿತ್ತು, ತಣ್ಣಗಿತ್ತು. "ಅಯ್ಯೋ ಅತ್ತಿಗೆ" ಎಂದಳು, ಅಷ್ಟೇ. ಊರಿಗೆಲ್ಲ ಕಲೆ ನೋಡುವವಳ ಕಲೆಯನ್ನು ಯಾರೂ ನೋಡಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂದು ಸುಮ್ಮನೆ ಹೇಳುತ್ತಾರೆಯೇ?

ಜೈನಬಿ ಆಗಲೇ ತಲೆ ಎತ್ತಿ ನೋಡುತ್ತಿದ್ದಳು. "ದೋಣಿ" ಎಂದಳು. ಮೇಜಿನ ಮೇಲೆ, ಈ ಗೋಡೆಯಿಂದ ಆ ಗೋಡೆಗೆ, ಹೊಗೆ ಹಿಡಿದು ಕಪ್ಪಾದ ತೊಲೆ. ಅದರ ಮೇಲೆ ಅಟ್ಟ, ಅಟ್ಟದ ಮೇಲೆ ಒಣಗದ ಹೆಂಚು, ಸಾಲಿನ ಮೇಲೆ ಸಾಲು. ತಿರುಗುವುದಿಲ್ಲ, ಬಡಿಯುವುದಿಲ್ಲ, ಸದ್ದು ಮಾಡುವುದಿಲ್ಲ. ಅದಕ್ಕೇ ಯಾರೂ ನೋಡಿರಲಿಲ್ಲ. ಶಾರಿ ಉದ್ದದೊಂದು ಬಿದಿರಿನ ಗಳ ತಂದು ಮೆಲ್ಲಗೆ ತಟ್ಟಿದಳು. ಕುಂಬಳಕಾಯಿ ತಟ್ಟಿದ ಸದ್ದು ಬಂತು, ಜೈನಬಿಯ ಕೂದಲ ಮೇಲೆ ಹಿಟ್ಟು ಉದುರಿತು. ಗೆದ್ದಲು. ನಾನು ಎಲ್ಲರನ್ನೂ ಅಂಗಳಕ್ಕೆ ಅಟ್ಟಿದೆ.

ರಾಯರು ಕೇಳಿ ಬೆವತರು. "ಬೋರ್ಡ್ ಹಾಕಿಸ್ತೀನಿ ತುಂಗಮ್ಮ, ಮೇಲೆ ನೋಡಿ ನಡೆಯಿರಿ ಅಂತ."

"ಅಂಚು ಸವರೋರು ಮೇಲೆ ನೋಡ್ತಾ ನಿಂತ್ರೆ ಬೆರಳು ಸವರ್ಕೋತಾರೆ."

"ಬೆತ್ತದ ಟೋಪಿ ತರಿಸ್ತೀನಿ, ಎಲ್ಲರಿಗೂ."

"ಆ ತೊಲೆ ಬಿದ್ರೆ ಟೋಪಿ ಏನ್ ಮಾಡುತ್ತೆ? ತಲೆ ಜೊತೆ ತಾನೂ ಅಪ್ಪಚ್ಚಿಯಾಗುತ್ತೆ. ಅಟ್ಟ ಖಾಲಿ ಮಾಡ್ಸಿ ರಾಯರೇ. ತೊಲೆ ಬದಲಾಯಿಸಿ."

ಅವರು ಭಟ್ಟಿಯ ಕಡೆ ನೋಡಿದರು. "ಹಸಿ ಹೆಂಚು ಇಳಿಸಿದ್ರೆ ಅರ್ಧ ಒಡೆದುಹೋಗುತ್ತೆ. ಭಟ್ಟಿಗೆ ಹಾಕೋಕೆ ಏನೂ ಇರಲ್ಲ, ಬೆಂಕಿ ಆರುತ್ತೆ. ನಮ್ಮ ತಾತ ಹಚ್ಚಿದ ಬೆಂಕಿ ತುಂಗಮ್ಮ, ಒಂದಿನವೂ ಆರಿಲ್ಲ. ಬಿಸಿಲು ಬರೋತನಕ ಸರದಿ ಮೇಲೆ ನಡೆಸೋಣ."

"ಆಗ್ಲಿ" ಎಂದೆ. "ನಿಮ್ಮ ಕಾಯ್ದೆ ಪ್ರಕಾರವೇ ನಡೀಲಿ. ನನಗೂ ಕಲೆ ಬಂದಿದೆ, ನಾನು ಮನೆಗೆ ಹೊರಟೆ. ನನ್ನ ಜಾಗದಲ್ಲಿ ನಿಲ್ಲೋಕೆ ಬೇರೆ ಯಾರೂ ಇಲ್ಲ. ನೀವು ಬನ್ನಿ."

ರಾಯರು ಹೆದರುಪುಕ್ಕಲರಾದರೂ ಮಾತಿಗೆ ತಪ್ಪುವವರಲ್ಲ. ಒಳಗೆ ಹೋಗಿ ಆ ಖಾಲಿ ಜಾಗದಲ್ಲಿ, ಕೈಯಲ್ಲಿ ಒಂದು ಹಸಿ ಹೆಂಚು ಹಿಡಿದು ನಿಂತರು. ನಾನು ಗೇಟು ದಾಟಿದೆ. ಕಾಫಿ ಲೋಟ ಬರಿದಾಗುವಷ್ಟು ಹೊತ್ತು ಎಲ್ಲರೂ ಕಾದರು. ಆಮೇಲೆ ಭಾಗೀರಥಿ ಬಾಗಿಲಿಂದಲೇ ಕೂಗಿದ್ದು ಗೇಟಿನವರೆಗೂ ಕೇಳಿಸಿತು. "ರಾಯರೇ, ಕಾಲರ್ ಕೆಳಗೆ ಬಂತು!"

ಅವರು ಕುತ್ತಿಗೆ ಮುಟ್ಟಿಕೊಂಡರಂತೆ. ಏನೂ ಸಿಗಲಿಲ್ಲ, ಸಿಗುವುದೂ ಇಲ್ಲ. ಆಮೇಲೆ ಮೊದಲ ಸಲ ತಲೆ ಎತ್ತಿ ಆ ತೊಲೆಯನ್ನು ನೋಡಿದರಂತೆ. ಹೊರಗೆ ಬಂದಾಗ ಅವರ ಮುಖ ಸುಣ್ಣದ ಹಾಗಿತ್ತು. "ಇಳಿಸಿ" ಎಂದರು. "ಎಲ್ಲಾ ಇಳಿಸಿ."

ಬಡಗಿಗಳು ಮೊದಲು ತೊಲೆಯ ಕೆಳಗೆ ಕಂಬಗಳನ್ನು ಕೊಟ್ಟು ಭದ್ರ ಮಾಡಿದರು. ಆಮೇಲೆ ಊರಿಗೆ ಊರೇ ಬಂತು. ಅಟ್ಟದ ಆಚೆ ಬದಿಯ ಮೆಟ್ಟಿಲಿಂದ ಹೊಳೆದಂಡೆಯವರೆಗೆ ಸಾಲು ನಿಂತು, ಕೂಸನ್ನು ದಾಟಿಸುವ ಹಾಗೆ ಹಸಿ ಹೆಂಚನ್ನು ಕೈಯಿಂದ ಕೈಗೆ ದಾಟಿಸಿದೆವು. ಬೇಕೆಂದು ನಿಂತೆನೋ, ಜನರ ನೂಕಿನಲ್ಲಿ ಹಾಗಾಯಿತೋ, ನನ್ನ ಪಕ್ಕದಲ್ಲಿ ಭಾಗೀರಥಿ. ಅವಳು ಕೊಡುವವಳು, ನಾನು ತೆಗೆದುಕೊಳ್ಳುವವಳು. ಅಟ್ಟ ಹಗುರಾದ ಹಾಗೆ ಕಪ್ಪು ನೇರಳೆಯಾಯಿತು, ನೇರಳೆ ತಿಳಿಯಾಯಿತು. ಮಂಜಿನೊಳಗೆ ಎಲ್ಲೆಲ್ಲಿಂದಲೋ ಮೊದಲ ಮಳೆಯ ವಾಸನೆ ಬರತೊಡಗಿತು. ಆ ವಾಸನೆಗೆ ಕೆಂಚಮ್ಮ ನಿಂತಲ್ಲೇ ತೂಕಡಿಸಿದಳು, ಒಂದು ಹೆಂಚೂ ಒಡೆದಳು.

ತೊಲೆ ಕೀಳುವ ದಿನ ಎಲ್ಲರನ್ನೂ ಅಂಗಳದಲ್ಲೇ ನಿಲ್ಲಿಸಿದ್ದರು. ಬಡಗಿಗಳು ದೂರದಿಂದ ಹಗ್ಗ ಹಾಕಿ ಕಂಬ ಎಳೆದರು. ದೊಡ್ಡ ಸದ್ದಾಗುತ್ತದೆಂದು ಕಿವಿ ಮುಚ್ಚಿಕೊಂಡಿದ್ದೆವು. ತೊಲೆ ಬಿದ್ದು ಮೇಜು ನಜ್ಜುಗುಜ್ಜಾಯಿತು, ಧೂಳು ಬಾಗಿಲಿಂದ ನಿಧಾನವಾಗಿ ಹೊರಬಂದು ನಮ್ಮೆಲ್ಲರ ಮೇಲೆ ಕೂತಿತು. ಮುರಿದ ತೊಲೆಯೊಳಗೆ ಬರೀ ಹಿಟ್ಟು. ಶಾರಿ ನನ್ನನ್ನೂ ಅತ್ತೆಯನ್ನೂ ಒಂದೊಂದು ಕೈಯಲ್ಲಿ ಹಿಡಿದುಕೊಂಡು ಜೋರಾಗಿ ಅತ್ತಳು.

ಬೆಂಕಿ ಆರಿತು. ಭಟ್ಟಿ ತಣ್ಣಗಾದ ಬೆಳಗ್ಗೆ ಊರಿನ ಮೇಲೆ ಹೊಗೆಯಿರಲಿಲ್ಲ. ಜನ ದಾರಿ ತಪ್ಪಿದವರ ಹಾಗೆ ಬೀದಿಯಲ್ಲಿ ಓಡಾಡಿದರು. ರಾಯರು ಭಟ್ಟಿಯ ಬಾಯಲ್ಲಿ ಕೂತು ಇಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಮತ್ತೆ ಬೆಂಕಿ ಹಚ್ಚುವಾಗ ಕಡ್ಡಿ ಗೀರಲು ಅವರಿಗೆ ಆಗಲಿಲ್ಲ. ಜೈನಬಿ ಗೀರಿಕೊಟ್ಟಳು.

ಈಗ ಅಲ್ಲಿ ಕಬ್ಬಿಣದ ತೊಲೆ. ಯಾರ ಹೆಸರಿಡುವುದು ಎಂದು ದೊಡ್ಡ ಚರ್ಚೆಯಾಗಿ, ಕೊನೆಗೆ ಕೆಂಚಮ್ಮ ಎಲೆಅಡಿಕೆ ಉಗಿದು ತೀರ್ಪು ಕೊಟ್ಟಳು. "ಮಾತು ಬಿಟ್ಟ ಎರಡು ಮೂಗಿಯರನ್ನ ಮಾತಾಡಿಸಿದ್ದು ಅದು. ಅತ್ತಿಗೆ-ನಾದಿನಿ ತೊಲೆ ಅನ್ನಿ." ಹಾಗೇ ಉಳಿಯಿತು. ಈಗ ಸೈರನ್ನಿಗೆ ಮುಂಚೆ ನಾವೆಲ್ಲ ಕಾರ್ಖಾನೆಯನ್ನು ಒಂದು ಸುತ್ತು ಹಾಕುತ್ತೇವೆ, ಮೇಲೆ, ಕೆಳಗೆ, ಹಿಂದೆ ನೋಡುತ್ತ. ಮೆಟ್ಟಿಲು ಅಲ್ಲಾಡಿದರೆ ಕಲೆಗೆ ಕಾಯುವುದಿಲ್ಲ. ಕಲೆ ಬರುವುದೂ ಅಪರೂಪವಾಗಿದೆ. ನನಗೆ ಕೆಲಸ ಕಡಿಮೆಯಾಗಿ ಬಾಯಿ ಇನ್ನೂ ಜೋರಾಗಿದೆ ಎನ್ನುತ್ತಾರೆ.

ತೊಲೆ ಬಿದ್ದ ಸಂಜೆ ಧೂಳು ಮೆತ್ತಿಕೊಂಡು ಮನೆಗೆ ಬಂದೆನಲ್ಲ, ಗೋಡೆಯಾಚೆಯಿಂದ ದನಿ ಬಂತು. "ಅತ್ತಿಗೆ, ನೀರು ಕಾದಿದೆ." ಹೋದೆ. ಆ ಹಂಡೆ ಒಲೆಯ ಮೇಲೆ ಹಬೆಯಾಡುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯುವ ಹಾಗೆ ಇಟ್ಟಿದ್ದಳು. ತಂಬಿಗೆಯಲ್ಲಿ ಮೊಗೆದು ಮೊಗೆದು ಹೊಯ್ದಳು, ಕುತ್ತಿಗೆ ಉಜ್ಜಿದಳು. "ಇನ್ನೂ ಸ್ವಲ್ಪ ಇದೆ" ಎಂದಳು. "ನಾಳೆನೂ ಬನ್ನಿ, ನೋಡ್ತೀನಿ."

ಅಂದಿನಿಂದ ಪ್ರತಿ ಬೆಳಗ್ಗೆ ಹೋಗುತ್ತೇನೆ. ಮೊನ್ನೆ ಶಾರಿ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತು ನಕ್ಕಳು. "ಅಮ್ಮಾ, ಕಲೆ ಎಲ್ಲಿದೆಯೇ? ಕುತ್ತಿಗೆ ಬೆಣ್ಣೆ ಥರ ಇದೆ."

"ನಿನಗೇನೇ ಗೊತ್ತು ಕಲೆ ನೋಡೋದು? ಸುಮ್ನಿರು" ಎಂದೆ. ತೊಲೆ ಹೋದ ದಿನವೇ ಎಲ್ಲರದೂ ಒಟ್ಟಿಗೆ ಹೋಯಿತು. ಕಲೆ ನೋಡುತ್ತಲೇ ತಲೆ ನೆರೆದ ನನಗೆ ಅಷ್ಟು ತಿಳಿಯುವುದಿಲ್ಲವೇ?

ಭಾಗೀರಥಿ ಬಿಸಿನೀರಿನ ಕೈಯಿಂದ ನನ್ನ ಕೂದಲು ಸರಿಸಿ, ಹೊತ್ತು ತೆಗೆದುಕೊಂಡು ನೋಡಿದಳು. "ಇದೆ ಅತ್ತಿಗೆ, ಇನ್ನೂ ಒಂಚೂರು ಇದೆ" ಎಂದಳು. ಸರಿಯಾಗಿ ನೋಡು ಎಂದು ನಾನು ಕುತ್ತಿಗೆ ಇನ್ನಷ್ಟು ಬಗ್ಗಿಸಿದೆ.